ಯುದ್ಧದ ಪುಸ್ತಕದಲ್ಲಿ ನಾನು ಮೊದಲು ಹುಡುಕೋದು ಬೂಟು

ಅಕ್ಕನ ಮಗ ಈ ವರ್ಷ ಸೆಕೆಂಡ್ ಪಿಯುಸಿ. ಎನ್‌ಡಿಎ ಪರೀಕ್ಷೆ ಬರೆದು ಮಿಲಿಟರಿ ಸೇರಬೇಕು ಅನ್ನೋದು ಅವನ ಆಸೆ. ಹೋದ ವಾರ ಮನೆಗೆ ಬಂದವನು ಕಪಾಟಿನ ಮುಂದೆ ನಿಂತು, "ಚಿಕ್ಕಮ್ಮ, ಯುದ್ಧದ ಬಗ್ಗೆ ನಿನ್ ಹತ್ರ ಇರೋದ್ರಲ್ಲಿ ಒಳ್ಳೇ ಪುಸ್ತಕ ಯಾವ್ದು? ಕಾದಂಬರಿ ಬೇಡ, ನಿಜವಾಗ್ಲೂ ನಡೆದಿರೋದು ಕೊಡು" ಅಂದ. ನಾಲ್ಕು ಪುಸ್ತಕ ಇಳಿಸಿ ಕೈಗಿಟ್ಟೆ. "ಇವುಗಳಲ್ಲಿ ಬೂಟಿನ ವಿಷಯ ಎಲ್ಲಿ ಬರುತ್ತೆ ಅಂತ ಮೊದ್ಲು ನೋಡು" ಅಂದೆ. ಅವನಿಗೆ ಏನೂ ಅರ್ಥ ಆಗಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು, ಹೊರಟುಬಿಟ್ಟ. ಅವತ್ತು ಅವನಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಾನು ಬೆಳೆದಿದ್ದು ಸೋಮವಾರಪೇಟೆ ಕಡೆಯ ಒಂದು ಸಣ್ಣ ಊರಲ್ಲಿ. ಕೊಡಗಿನಲ್ಲಿ ಮಿಲಿಟರಿಗೆ ಹೋದವರಿಲ್ಲದ ಊರು ಸಿಗೋದು ಕಷ್ಟ. ನಮ್ಮ ಪಕ್ಕದ ಮನೆಯ ಅಜ್ಜ ಊರಿಗೆಲ್ಲ 'ಮಿಲಿಟ್ರಿ ಅಜ್ಜ'. ಮಳೆಗಾಲದಲ್ಲಿ ತೋಟದಿಂದ ಬಂದವರೇ ಗಮ್‌ಬೂಟು ಕಳಚಿ, ಒಳಗಿನ ನೀರು ಚೆಲ್ಲಿ, ಬಚ್ಚಲೊಲೆಯ ಪಕ್ಕ ಬೋರಲು ಹಾಕೋರು. ಆಮೇಲೆ ಜಗಲಿಯಲ್ಲಿ ಕೂತು ಒಣಬಟ್ಟೆಯಿಂದ ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿಕೊಳ್ಳೋರು. ಎಡಗಾಲಲ್ಲಿ ಎರಡು ಬೆರಳು ಇರಲಿಲ್ಲ. ಆ ಬೆರಳು ಇರಬೇಕಾಗಿದ್ದ ಜಾಗವನ್ನೂ ಅಷ್ಟೇ ಜೋಪಾನವಾಗಿ ಒರೆಸೋರು. ಏನಾಯ್ತು ಅಜ್ಜ ಅಂತ ಕೇಳಿದರೆ "ಅರವತ್ತೆರಡ್ರಲ್ಲಿ ನೇಫಾದಲ್ಲಿ ಬಿಟ್ಟು ಬಂದೆ" ಅಂತಷ್ಟೇ ಹೇಳೋರು. ನೇಫಾ ಅಂದರೆ ಈಗಿನ ಅರುಣಾಚಲ ಪ್ರದೇಶ. ನಾವು ಮಳೆಯಲ್ಲಿ ನೆನೆದು ಹಾಗೇ ಓಡಾಡುತ್ತಿದ್ದರೆ ಮಾತ್ರ ಗದರೋರು: "ಕಾಲು ಒದ್ದೆ ಇಟ್ಕೋಬಾರ್ದು ಮಕ್ಳೇ." ಯುದ್ಧದ ಬಗ್ಗೆ ಆ ಮನುಷ್ಯ ನನಗೆ ಹೇಳಿಕೊಟ್ಟ ಪಾಠ ಇಷ್ಟೇ. ಅದರ ಅರ್ಥ ಗೊತ್ತಾಗೋಕೆ ನನಗೆ ಇಪ್ಪತ್ತು ವರ್ಷ ಬೇಕಾಯಿತು, ಅಷ್ಟು ಹೊತ್ತಿಗೆ ಅಜ್ಜ ಇರಲಿಲ್ಲ.

ಯುದ್ಧಕಾಲದ ಪುಸ್ತಕ ಅಂತ ನಾನು ಮೊದಲು ಓದಿದ್ದು ತೇಜಸ್ವಿಯವರು ಕನ್ನಡಕ್ಕೆ ತಂದ 'ಮಹಾಪಲಾಯನ'. ನನ್ನ ವಯಸ್ಸಿನ ಎಷ್ಟೋ ಜನರಿಗೆ ಓದುವ ಹುಚ್ಚು ಹಿಡಿಸಿದ್ದೇ ಅದು. ಪೋಲೆಂಡಿನ ಸೈನಿಕ ಅಧಿಕಾರಿ ಸ್ಲಾವೊಮಿರ್ ರಾವಿಜ್ ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ, ಟಿಬೆಟ್, ಹಿಮಾಲಯ ದಾಟಿ ಇಂಡಿಯಾಕ್ಕೆ ನಡೆದೇ ಬಂದ ಕಥೆ. ಹೈಸ್ಕೂಲಿನಲ್ಲಿದ್ದಾಗ ರಾತ್ರಿಯೆಲ್ಲ ಕೂತು ಓದಿದ್ದೆ. ಬಾಯಾರಿಕೆಯ ಪುಟಗಳು ಬಂದಾಗ ನಿಜವಾಗಿಯೂ ಎದ್ದುಹೋಗಿ ನೀರು ಕುಡಿದು ಬಂದಿದ್ದೆ. ಅದರ ಒಂದಕ್ಷರವನ್ನೂ ಅನುಮಾನಿಸಿರಲಿಲ್ಲ.

ಮೂಲ ಪುಸ್ತಕ ಬಂದದ್ದು 1956ರಲ್ಲಿ. ಐವತ್ತು ವರ್ಷ ಕಳೆದ ಮೇಲೆ, 2006ರಲ್ಲಿ, ಬಿಬಿಸಿಯವರು ಹಳೆಯ ದಾಖಲೆ ಹುಡುಕಿ ತೆಗೆದರು. ಸೋವಿಯತ್ ಸರ್ಕಾರ ಪೋಲೆಂಡಿನ ಕೈದಿಗಳಿಗೆ ಕೊಟ್ಟ ಸಾಮೂಹಿಕ ಕ್ಷಮಾದಾನದಲ್ಲಿ 1942ರಲ್ಲಿ ರಾವಿಜ್‌ಗೂ ಬಿಡುಗಡೆ ಸಿಕ್ಕಿ, ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ನಿರಾಶ್ರಿತರ ಶಿಬಿರಕ್ಕೆ ಹೋಗಿದ್ದ ಅಂತ ಅದರಲ್ಲಿತ್ತು. ಆ ದಾಖಲೆಗಳಲ್ಲಿ ಕೆಲವು ಅವನ ಕೈಬರಹದಲ್ಲೇ ಇದ್ದವು. ಓದಿದ ದಿನ ನನಗೆ ಅಳು ಬಂದಿತ್ತು. ತೇಜಸ್ವಿಯವರ ಕನ್ನಡದ ಮೇಲೆ ನನಗಿರುವ ಪ್ರೀತಿ ಒಂದು ಎಳೆಯೂ ಕಡಿಮೆ ಆಗಿಲ್ಲ. ಆದರೆ ಆ ಪುಸ್ತಕವನ್ನು ಅವತ್ತೇ ಸತ್ಯಕಥೆಗಳ ಸಾಲಿನಿಂದ ತೆಗೆದು ಕಾದಂಬರಿಗಳ ಸಾಲಿಗೆ ಇಟ್ಟೆ.

ಅವತ್ತಿನಿಂದ ಯುದ್ಧದ ಬಗ್ಗೆ 'ನಿಜವಾಗಿ ನಡೆದದ್ದು' ಅಂತ ಯಾರು ಏನು ಬರೆದರೂ ನಾನು ಒಂದು ವಿಷಯ ಹುಡುಕುತ್ತೇನೆ. ಬೂಟು. ಬೂಟು ಅಂದರೆ ಕಾಲು, ಬಟ್ಟೆ, ನೀರು, ಹೊಟ್ಟೆ, ಸ್ನಾನ, ನಿದ್ದೆ. ಸೇನಾಪತಿಗಳ ಪುಸ್ತಕಗಳಲ್ಲಿ ಪಡೆಗಳು ಮುನ್ನುಗ್ಗುತ್ತವೆ, ಹಿಂದೆ ಸರಿಯುತ್ತವೆ. ಮುನ್ನುಗ್ಗಿದ್ದು ಎಂಥ ಕಾಲಲ್ಲಿ ಅನ್ನೋದು ಅಲ್ಲಿ ಬರೋದಿಲ್ಲ.

ನನ್ನ ಪಟ್ಟಿಯಲ್ಲಿ ಮೊದಲನೆಯದು, 1962ರ ಚೀನಾ ಯುದ್ಧದ ಬಗ್ಗೆ ಬ್ರಿಗೇಡಿಯರ್ ಜಾನ್ ದಳವಿ ಬರೆದ 'ಹಿಮಾಲಯನ್ ಬ್ಲಂಡರ್'. 1969ರಲ್ಲಿ ಇಂಗ್ಲಿಷಿನಲ್ಲಿ ಬಂತು. ಕನ್ನಡಕ್ಕೆ ತಂದವರು ರವಿ ಬೆಳಗೆರೆ, ನಮ್ಮಲ್ಲಿ ಹೆಚ್ಚಿನವರು ಓದಿರೋದು ಅದನ್ನೇ. ಭೂತಾನ್, ಟಿಬೆಟ್ ಮತ್ತು ನಮ್ಮ ಗಡಿ ಸೇರುವ ಮೂಲೆಯಲ್ಲಿ ನಾಮ್‌ಕಾ ಚು ಅಂತ ಒಂದು ಹೊಳೆ ಇದೆ. ಆಚೆ ದಡದಲ್ಲಿ ಥಗ್ಲಾ ಏಣು, ಅದರ ಮೇಲೆ ಚೀನೀಯರು. ಈಚೆ ದಡದ ತಗ್ಗಿನಲ್ಲಿ ದಳವಿಯವರ 7ನೇ ಬ್ರಿಗೇಡ್. ಗುಡ್ಡದ ಮೇಲಿರುವವರನ್ನು ಹೊಳೆಯಲ್ಲಿರುವವರು ಓಡಿಸಬೇಕು ಅಂತ ದೆಹಲಿಯಿಂದ ಆದೇಶ. ಮಲೆನಾಡಿನಲ್ಲಿ ಹುಟ್ಟಿದ ಯಾರಿಗಾದರೂ ಆ ಜಾಗದ ಚಿತ್ರ ಕೊಟ್ಟರೆ, ಅಲ್ಲಿ ನಿಲ್ಲಬೇಡಿ ಅಂತ ಹೇಳಿಬಿಡುತ್ತಾರೆ.

ಈ ಪುಸ್ತಕದಲ್ಲಿ ಬೂಟು ಪುಟಪುಟಕ್ಕೂ ಬರುತ್ತೆ. ಹತ್ತು ಸಾವಿರ ಅಡಿಗೂ ಎತ್ತರದ ಜಾಗಕ್ಕೆ, ಅಕ್ಟೋಬರ್ ಚಳಿಯಲ್ಲಿ, ಬಯಲುಸೀಮೆಯಿಂದ ಬಂದ ಹುಡುಗರು. ಮೈಮೇಲೆ ಬೇಸಿಗೆಯ ಹತ್ತಿಬಟ್ಟೆ, ಕಾಲಿಗೆ ಕ್ಯಾನ್ವಾಸ್ ಬೂಟು, ಒಬ್ಬೊಬ್ಬರಿಗೆ ಐವತ್ತೇ ಗುಂಡು. ವಿಮಾನದಿಂದ ಕೆಳಗೆ ಹಾಕಿದ ಸಾಮಾನು ತ್ಸಾಂಗ್‌ಧರ್ ಅನ್ನೋ ಎತ್ತರದ ಜಾಗದಲ್ಲಿ ಬೀಳಬೇಕಿತ್ತು. ಎಷ್ಟೋ ಮೂಟೆ ಕಣಿವೆಗೆ ಉರುಳಿ ಹೋಗುತ್ತಿತ್ತು. ಸಿಕ್ಕ ಪ್ಯಾರಾಚೂಟಿನ ಬಟ್ಟೆಯನ್ನೇ ಮಾಡು ಮಾಡಿಕೊಂಡು ಅದರಡಿ ಮಲಗೋರು. ಅಕ್ಟೋಬರ್ 12ರಂದು ಸಿಂಹಳಕ್ಕೆ ಹೊರಟಿದ್ದ ನೆಹರೂ, ಚೀನೀಯರನ್ನು ಹೊರಹಾಕಲು ಸೈನ್ಯಕ್ಕೆ ಹೇಳಿದ್ದೇವೆ ಅಂತ ಪತ್ರಕರ್ತರ ಮುಂದೆ ಹೇಳಿದರು. ಹೊರಹಾಕಬೇಕಾದವರ ಕಾಲಲ್ಲಿ ಇದ್ದದ್ದು ಕ್ಯಾನ್ವಾಸ್. ಅಕ್ಟೋಬರ್ 20ರ ಬೆಳಗಿನ ಜಾವ ದಾಳಿ ಆಯಿತು. 2ನೇ ರಜಪೂತ್ ಪಡೆಯ 513 ಜನರಲ್ಲಿ 282 ಜನ ಅವತ್ತು ಸತ್ತರು.

ಮಿಲಿಟ್ರಿ ಅಜ್ಜನ ಬೆರಳು ನನಗೆ ಸಿಕ್ಕಿದ್ದು ಈ ಪುಸ್ತಕದಲ್ಲಿ. ಅವರು ನಾಮ್‌ಕಾ ಚುವಿನಲ್ಲೇ ಇದ್ದರೋ, ನೇಫಾದ ಇನ್ನೊಂದು ಮೂಲೆಯಲ್ಲಿದ್ದರೋ, ಅವರು ಹೇಳಲಿಲ್ಲ, ನಾನೂ ಕೆದಕಿ ಕೇಳಲಿಲ್ಲ. ಆದರೆ ಹತ್ತಿಬಟ್ಟೆ, ಕ್ಯಾನ್ವಾಸ್ ಬೂಟು ಅಂತ ಓದಿದ ಕೂಡಲೇ ಬಚ್ಚಲೊಲೆಯ ಪಕ್ಕ ಬೋರಲು ಹಾಕಿದ್ದ ಆ ಗಮ್‌ಬೂಟು ಕಣ್ಣಿಗೆ ಕಟ್ಟಿತು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ದಳವಿ ಅಕ್ಟೋಬರ್ 22ರಂದು ಸೆರೆಸಿಕ್ಕಿದರು. ಆರು ತಿಂಗಳಿಗೂ ಹೆಚ್ಚು ಚೀನೀಯರ ಸೆರೆಯಲ್ಲಿದ್ದು 1963ರ ಮೇ ತಿಂಗಳಲ್ಲಿ ಹಿಂದಿರುಗಿದರು. ಆಮೇಲೆ ಬರೆದರು. ಸೋತವನು, ಸೆರೆಸಿಕ್ಕಿದವನು, ತನ್ನ ಕೈಕೆಳಗಿನ ಹುಡುಗರನ್ನು ಕಳೆದುಕೊಂಡವನು ಬರೆದ ಪುಸ್ತಕ ಇದು. ಇಲ್ಲಿ ನನ್ನ ಬೂಟಿನ ಪರೀಕ್ಷೆಗೆ ಇನ್ನೊಂದು ಮಾತು ಸೇರಿಸಬೇಕು. ಮಹಾಪಲಾಯನದಲ್ಲೂ ಕಾಲಿನ ಮಾತು ಇದೆ, ಚರ್ಮದಲ್ಲಿ ಪಾದರಕ್ಷೆ ಹೊಲಿದುಕೊಳ್ಳುತ್ತಾರೆ. ಆದ್ದರಿಂದ ಬೂಟು ಇದ್ದ ಮಾತ್ರಕ್ಕೆ ನಿಜ ಆಗಲ್ಲ. ಹೇಳುವವನು ಹೇಳೋದರಿಂದ ಏನು ಕಳೆದುಕೊಳ್ಳುತ್ತಾನೆ ಅಂತಲೂ ನೋಡಬೇಕು. ದಳವಿ ಪ್ರತಿ ಪುಟದಲ್ಲೂ ಕಳೆದುಕೊಳ್ಳುತ್ತಾರೆ, ಮೇಲಿನವರ ಮೇಲೆ ಸಿಟ್ಟು ಮಾಡುವಾಗಲೂ ತಮ್ಮ ಸೋಲನ್ನು ಬಚ್ಚಿಡೋದಿಲ್ಲ.

ಅವರ ಸಿಟ್ಟು ಮಾತ್ರ ಓದಿ ನಿಲ್ಲಿಸಬೇಡಿ ಅಂತಲೂ ಹೇಳ್ತೀನಿ. ಮರುವರ್ಷವೇ, 1970ರಲ್ಲಿ, ನೆವಿಲ್ ಮ್ಯಾಕ್ಸ್‌ವೆಲ್ ಬರೆದ 'ಇಂಡಿಯಾಸ್ ಚೈನಾ ವಾರ್' ಬಂತು. ಗಡಿಯಲ್ಲಿ ಮುಂದೆ ಮುಂದೆ ಠಾಣೆ ಹಾಕುತ್ತಾ ಹೋದ ನಮ್ಮ ನೀತಿಯೇ ಯುದ್ಧಕ್ಕೆ ಕಾರಣ ಅಂತ ಅವರ ವಾದ. ಚೀನಾದ ಮಾತನ್ನು ಅವರು ತುಂಬಾ ಸಲೀಸಾಗಿ ನಂಬುತ್ತಾರೆ ಅಂತ ನನಗೆ ಅನಿಸುತ್ತೆ, ಆದರೂ ಓದಬೇಕು. ಸೋಲಿಗೆ ಕಾರಣ ಏನು ಅಂತ ನಮ್ಮ ಸೈನ್ಯವೇ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅನ್ನೋ ಇಬ್ಬರು ಅಧಿಕಾರಿಗಳ ಕೈಲಿ ವರದಿ ಬರೆಸಿತ್ತು. ಅದನ್ನು ಸರ್ಕಾರ ಅಧಿಕೃತವಾಗಿ ಹೊರಬಿಟ್ಟಿಲ್ಲ. ಅದರ ಒಂದು ಭಾಗವನ್ನು 2014ರಲ್ಲಿ ಇಂಟರ್ನೆಟ್ಟಿಗೆ ಹಾಕಿದ್ದೂ ಇದೇ ಮ್ಯಾಕ್ಸ್‌ವೆಲ್. ಅಜ್ಜನಂಥವರು ಬದುಕಿದ್ದಾಗಲೇ ಆ ವರದಿ ಓದಲು ಸಿಗಬೇಕಿತ್ತು. ಬೆರಳು ಯಾಕೆ ಹೋಯಿತು ಅಂತ ತಿಳಿಯೋ ಹಕ್ಕು ಅವರಿಗಿತ್ತು.

ಎರಡನೆಯ ಪುಸ್ತಕ, ನನಗೆ ಎಲ್ಲಕ್ಕಿಂತ ಹತ್ತಿರದ್ದು, ಬೆಲರೂಸಿನ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಅವರದು. 'ಯುದ್ಧಕ್ಕೆ ಹೆಂಗಸಿನ ಮುಖವಿಲ್ಲ' ಅಂತ ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದಲ್ಲಿ ಸುಮಾರು 10 ಲಕ್ಷ ಹೆಂಗಸರಿದ್ದರು. ನರ್ಸುಗಳಷ್ಟೇ ಅಂದುಕೊಳ್ಳಬೇಡಿ, ಗುರಿಯಿಟ್ಟು ಹೊಡೆದ ಸ್ನೈಪರ್‌ಗಳು, ಪೈಲಟ್‌ಗಳು, ಟ್ಯಾಂಕ್ ಓಡಿಸಿದವರು, ಬಟ್ಟೆ ಒಗೆದವರು, ರೊಟ್ಟಿ ಸುಟ್ಟವರು. 1970ರ ದಶಕದ ಕೊನೆಯಿಂದ ಈ ಲೇಖಕಿ ಟೇಪ್ ರೆಕಾರ್ಡರ್ ಹಿಡಿದು ಅವರ ಮನೆಮನೆಗೆ ಹೋದರು. ಪುಸ್ತಕ 1983ಕ್ಕೇ ಮುಗಿದಿತ್ತು, ಎರಡು ವರ್ಷ ಅಚ್ಚಾಗಲು ಬಿಡಲಿಲ್ಲ. 1985ರಲ್ಲಿ ಹೊರಬಂತು. ಸೆನ್ಸಾರಿನವರು ಕತ್ತರಿಸಿದ ಭಾಗಗಳನ್ನು ಮುಂದಿನ ಆವೃತ್ತಿಗಳಲ್ಲಿ ಅವರೇ ಮತ್ತೆ ಸೇರಿಸಿದರು. 2015ರಲ್ಲಿ ನೊಬೆಲ್ ಬಂತು.

ಬೂಟು ಹುಡುಕುವವರಿಗೆ ಇಲ್ಲಿ ಹುಡುಕೋ ಕೆಲಸವೇ ಇಲ್ಲ. ಪುಟ್ಟ ಪಾದದ ಹುಡುಗಿಯರಿಗೆ ಗಂಡಸರ ದೊಡ್ಡ ಬೂಟು ಕೊಟ್ಟಿದ್ದಾರೆ, ಅದರಲ್ಲೇ ಮೈಲಿಗಟ್ಟಲೆ ನಡೆಸಿದ್ದಾರೆ. ಯುದ್ಧದಲ್ಲಿ ಅತಿ ಕಷ್ಟದ್ದು ಯಾವುದು ಅಂದರೆ, ಸಾವು ಅನ್ನೋದಿಲ್ಲ ಒಬ್ಬಾಕೆ. ವರ್ಷಗಟ್ಟಲೆ ಗಂಡಸರ ಒಳಚಡ್ಡಿ ಹಾಕಿಕೊಂಡಿದ್ದದ್ದು ಅನ್ನುತ್ತಾಳೆ. ಇನ್ನೊಬ್ಬಾಕೆ ಯುದ್ಧಕ್ಕೆ ಹೊರಟಾಗ ಸೂಟ್‌ಕೇಸಿನ ತುಂಬ ಮಿಠಾಯಿ ತುಂಬಿಕೊಂಡು ಹೋದವಳು. ಅಷ್ಟು ಚಿಕ್ಕ ವಯಸ್ಸು. ಇನ್ನೊಂದು ಕಡೆ, ನೂರಾರು ಹುಡುಗಿಯರು ಬಿಸಿಲಲ್ಲಿ ನಡೆದು ಹೋಗುತ್ತಿದ್ದಾರೆ, ತಿಂಗಳ ಹೊತ್ತು, ಬಟ್ಟೆ ಕೊಟ್ಟವರಿಲ್ಲ, ಹಿಂದೆ ಮರಳಿನಲ್ಲಿ ಕೆಂಪು ಕಲೆ. ಹಿಂದಿನಿಂದ ಬರುತ್ತಿರುವ ಗಂಡುಸೈನಿಕರು ಕಂಡೂ ಕಾಣದ ಹಾಗೆ ನಡೆಯುತ್ತಾರೆ. ಹೊಳೆ ಸಿಕ್ಕಿದಾಗ ಮೇಲೆ ಬಾಂಬು ಬೀಳುತ್ತಿದೆ, ಗಂಡಸರು ಅವಿತುಕೊಂಡರೆ ಈ ಹುಡುಗಿಯರು ನೀರಿಗೆ ಓಡುತ್ತಾರೆ. ಮೈ ತೊಳೆದುಕೊಳ್ಳೋದು ಮುಖ್ಯ ಆಗಿತ್ತು. ಕೆಲವರು ಆ ನೀರಲ್ಲೇ ಸತ್ತರು. ನಾನು ಎಷ್ಟೋ ಯುದ್ಧದ ಪುಸ್ತಕ ಓದಿದ್ದೀನಿ, ಹೆಣ್ಣಿನ ಮೈಗೆ ಯುದ್ಧ ಹೇಗಿರುತ್ತೆ ಅಂತ ಅದಕ್ಕೆ ಮೊದಲು ಒಬ್ಬರೂ ನನಗೆ ಹೇಳಿರಲಿಲ್ಲ.

ಒಂದು ಮನೆಯ ಪ್ರಸಂಗ ನನ್ನನ್ನು ಬಿಡೋದೇ ಇಲ್ಲ. ಲೇಖಕಿ ಬರುತ್ತಾರೆ ಅಂತ ಗೊತ್ತಾಗಿ, ಗಂಡ ಹಿಂದಿನ ರಾತ್ರಿಯೆಲ್ಲ ಹೆಂಡತಿಯನ್ನು ಕೂರಿಸಿಕೊಂಡು ಯುದ್ಧದ ಇತಿಹಾಸ ಪಾಠ ಮಾಡಿದ್ದಾನೆ. ಹೇಳಿಕೊಟ್ಟ ಹಾಗೆ ಹೇಳು, ಹೆಂಗಸರ ಚಿಲ್ಲರೆ ವಿಷಯ ತರಬೇಡ ಅಂತ. ಇಬ್ಬರೂ ಯುದ್ಧಕ್ಕೆ ಹೋಗಿ ಬಂದವರೇ. ಆ ಚಿಲ್ಲರೆ ವಿಷಯದಲ್ಲೇ ಪುಸ್ತಕದ ಜೀವ ಇದೆ. ಯುದ್ಧ ಮುಗಿದ ಮೇಲೆ ಈ ಹೆಂಗಸರು ಪದಕ ಬಚ್ಚಿಟ್ಟರು. ಮುಂಚೂಣಿಯಲ್ಲಿ ಗಂಡಸರ ಜೊತೆ ಇದ್ದವಳು ಅಂತ ಊರಿನ ಹೆಂಗಸರೇ ಆಡಿಕೊಂಡರು. ನಲವತ್ತು ವರ್ಷ ಸುಮ್ಮನಿದ್ದು, ಆಮೇಲೆ ಅಡುಗೆಮನೆಯಲ್ಲಿ ಕೂತು ಒಬ್ಬಳು ಅಪರಿಚಿತಳ ಟೇಪಿಗೆ ಹೇಳಿದರು. ಅವರಿಗೆ ಕಳೆದುಕೊಳ್ಳಲು ಬೇಕಾದಷ್ಟಿತ್ತು, ಆದರೂ ಹೇಳಿದರು. ಅದಕ್ಕೇ ನಂಬುತ್ತೇನೆ.

ಇದೇ ಲೇಖಕಿ ಅಫ್ಘಾನಿಸ್ತಾನ ಯುದ್ಧದ ಬಗ್ಗೆ ಬರೆದ ಪುಸ್ತಕಕ್ಕೆ, ಸತುವಿನ ಪೆಟ್ಟಿಗೆಯಲ್ಲಿ ಮಗನ ಹೆಣ ಪಡೆದ ಕೆಲವು ತಾಯಂದಿರೇ 1990ರ ದಶಕದ ಆರಂಭದಲ್ಲಿ ಮಿನ್ಸ್ಕ್‌ನಲ್ಲಿ ಕೇಸು ಹಾಕಿದರು. ಮಗ ವೀರ ಅಂತ ನಂಬಿ ಬದುಕುತ್ತಿದ್ದವರಿಗೆ ಪುಸ್ತಕ ಆ ನಂಬಿಕೆಯನ್ನೂ ಕಿತ್ತುಕೊಂಡ ಹಾಗಾಯಿತು. ಆ ತಾಯಂದಿರ ಮೇಲೆ ನನಗೆ ಕೋಪ ಬರೋದಿಲ್ಲ. ಲೇಖಕಿ ತಪ್ಪು ಮಾಡಿದರು ಅಂತಲೂ ಅನ್ನಲಾರೆ.

ಜಾನ್ ಹರ್ಸಿಯ 'ಹಿರೋಶಿಮಾ' ಬಹಳ ಜನಕ್ಕೆ ಗೊತ್ತಿರುವ ಪುಸ್ತಕ. 1946ರ ಆಗಸ್ಟ್ 31ರ 'ನ್ಯೂಯಾರ್ಕರ್' ಪತ್ರಿಕೆ ಇಡೀ ಸಂಚಿಕೆಯನ್ನೇ ಅದಕ್ಕೆ ಕೊಟ್ಟಿತ್ತು. ಬಾಂಬಿನಿಂದ ಬದುಕಿ ಉಳಿದ ಆರು ಜನರ ಕಥೆ. ಅದರಲ್ಲಿ ಹಾತ್ಸುಯೊ ನಾಕಾಮುರಾ ಅನ್ನೋ ಹೆಂಗಸು ಬರುತ್ತಾಳೆ. ಗಂಡ ದರ್ಜಿ. 1942ರ ಫೆಬ್ರವರಿ 15ರಂದು, ಸಿಂಗಾಪುರ ಜಪಾನಿನ ಕೈಗೆ ಬಿದ್ದ ದಿನವೇ, ಅಲ್ಲಿ ಸತ್ತ. ಅವತ್ತು ಅದೇ ಊರಲ್ಲಿ ನಮ್ಮ ಸಾವಿರಾರು ಸೈನಿಕರು ಸೆರೆಸಿಕ್ಕಿದರು ಅನ್ನೋದೂ ನೆನಪಿರಲಿ. ಇವಳಿಗೆ ಒಂದು ತಂತಿ ಬಂತು, ಅಷ್ಟೇ. ಗಂಡ ಬಿಟ್ಟುಹೋದ ಹೊಲಿಗೆ ಮಷೀನಿನಿಂದ ಮೂರು ಮಕ್ಕಳನ್ನು ಸಾಕುತ್ತಿದ್ದಳು. ಬಾಂಬು ಬಿದ್ದು, ಮಕ್ಕಳನ್ನು ಅವಶೇಷದಿಂದ ಎಳೆದು ತೆಗೆದು, ಊರು ಬಿಟ್ಟು ಓಡುವ ಮುಂಚೆ ಅವಳು ಆ ಮಷೀನನ್ನು ಮನೆ ಮುಂದಿನ ಸಿಮೆಂಟು ತೊಟ್ಟಿಯ ನೀರಿಗೆ ಇಳಿಸುತ್ತಾಳೆ, ಬೆಂಕಿಗೆ ಸಿಗದಿರಲಿ ಅಂತ. ಆಮೇಲೆ ಬಂದು ಎತ್ತಿದರೆ ತುಕ್ಕು. ರಿಪೇರಿ ಮಾಡಿಸಿ ಮತ್ತೆ ಹೊಲಿಯೋಕೆ ಶುರು ಮಾಡಿದಳು. ಕೊನೆಗೆ ಡಾಕ್ಟರಿಗೆ ಕೊಡಲು ದುಡ್ಡಿಲ್ಲದೆ ಅದನ್ನೇ ಮಾರಿದಳು. ತನ್ನ ಇಡೀ ಬದುಕಿನಲ್ಲಿ ಅತ್ಯಂತ ದುಃಖದ ಗಳಿಗೆ ಅದು ಅಂತ ಮುಂದೆ ಅವಳಿಗೆ ಅನಿಸುತ್ತಿತ್ತಂತೆ. ಅಣುಬಾಂಬು ಬಿದ್ದ ಊರಿನ ಹೆಂಗಸು ಹೊಲಿಗೆ ಮಷೀನು ಮಾರಿದ ದಿನವನ್ನು ಹೇಳುತ್ತಾಳೆ. ನಮ್ಮಮ್ಮ ಹೊಲಿಗೆ ಮಷೀನಿನಲ್ಲೇ ನನ್ನ ಫೀಸು ಕಟ್ಟಿದವರು. ಅವರಿಗೆ ಈ ಭಾಗ ಓದಿ ಹೇಳಿದಾಗ ಏನೂ ಮಾತಾಡಲಿಲ್ಲ, ಎದ್ದುಹೋಗಿ ಮಷೀನಿನ ಮೇಲಿನ ಬಟ್ಟೆ ಸರಿಮಾಡಿ ಬಂದರು.

ಅಮೆರಿಕದ ಸೈನಿಕ ಯೂಜೀನ್ ಸ್ಲೆಜ್ ಪೆಸಿಫಿಕ್ ದ್ವೀಪಗಳ ಯುದ್ಧದ ಬಗ್ಗೆ 1981ರಲ್ಲಿ ಬರೆದದ್ದನ್ನೂ ಓದಿ. ಜೇಬಿನ ಬೈಬಲಿನಲ್ಲಿ ಗುಟ್ಟಾಗಿ ಗುರುತು ಹಾಕಿಕೊಂಡು ಬಂದಿದ್ದು, ಮೂವತ್ತೈದು ವರ್ಷ ಕಳೆದ ಮೇಲೆ ಪುಸ್ತಕ ಮಾಡಿದ. ಓಕಿನಾವಾದ ಕೆಸರಿನಲ್ಲಿ ದಿನಗಟ್ಟಲೆ ಬಿಚ್ಚದ ಬೂಟನ್ನು ಬಿಚ್ಚುವ ಪುಟ ಇದೆ. ಊಟದ ಹೊತ್ತಿಗೆ ಓದಬೇಡಿ.

ಇನ್ನೊಂದು ಪುಸ್ತಕ ನಮ್ಮ ಮನೆಯಂಗಳದ್ದು. ರಘು ಕಾರ್ನಾಡ್ 2015ರಲ್ಲಿ ಬರೆದ 'ಫಾರ್ದೆಸ್ಟ್ ಫೀಲ್ಡ್'. ಗಿರೀಶ ಕಾರ್ನಾಡರ ಮಗ ಇವರು. ಅಜ್ಜಿಯ ಮನೆಯಲ್ಲಿ ಚಿಕ್ಕಂದಿನಿಂದ ನೋಡಿದ್ದ ಮೂರು ಫೋಟೋ. ಯಾರು, ಏನಾದರು ಅಂತ ಕೇಳದೇ ಬೆಳೆದರು. ಕೇಳಬೇಕು ಅನಿಸುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಒಬ್ಬರು ಅಜ್ಜಿಯ ತಮ್ಮ ಬಾಬಿ, ಸೈನ್ಯದ ಸ್ಯಾಪರ್ಸ್, ಅಂದರೆ ಎಂಜಿನಿಯರ್ ಪಡೆಯಲ್ಲಿದ್ದವರು. ಇನ್ನೊಬ್ಬರು ಬಂಧು ಮಾಣೆಕ್, ವಾಯುಪಡೆಯ ಪೈಲಟ್. ಮೂರನೆಯವರು ಕೊಡಗಿನ ಕೊದಂಡೇರ ಗಣಪತಿ, ಸೈನ್ಯದ ಡಾಕ್ಟರು, ಲೇಖಕರ ಸ್ವಂತ ಅಜ್ಜ. ಪಾರ್ಸಿ ಹುಡುಗಿಯನ್ನು ಮೆಚ್ಚಿ ಮದುವೆಯಾದವರು. ಮೂವರೂ ಎರಡನೇ ಮಹಾಯುದ್ಧದಿಂದ ತಿರುಗಿ ಬರಲಿಲ್ಲ. ಗಣಪತಿ ಯಾವ ಗುಂಡಿಗೂ ಬಲಿಯಾದವರಲ್ಲ. ವಾಯವ್ಯ ಗಡಿಯ ಠಲ್ ಅನ್ನೋ ಊರಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು.

ಆ ಯುದ್ಧದಲ್ಲಿ 25 ಲಕ್ಷ ಭಾರತೀಯರು ದುಡಿದರು. ಬ್ರಿಟಿಷರ ಪರ ಹೋರಾಡಿದವರು ಅಂತ ಸ್ವಾತಂತ್ರ್ಯದ ನಂತರ ನಾವು ಅವರನ್ನು ನೆನೆಯಲಿಲ್ಲ. ಅವರ ಕೈಲಿ ಕೆಲಸ ಮಾಡಿಸಿಕೊಂಡ ಬ್ರಿಟಿಷರೂ ಅಷ್ಟಾಗಿ ನೆನೆಯಲಿಲ್ಲ. ಈ ಪುಸ್ತಕ ಓದುವಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಬೇರೆ ಕಾರಣಕ್ಕೆ. ಅಜ್ಜಿ ಇರುವಾಗ ಕೇಳಲಿಲ್ಲ ಅಂತ ಲೇಖಕರು ಬರೆಯುತ್ತಾರಲ್ಲ, ಅದು ನನ್ನದೇ ತಪ್ಪೂ ಹೌದು. ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದ ಮನುಷ್ಯನನ್ನು ನಾನು ಕೇಳಲಿಲ್ಲ.

ಕನ್ನಡ ನಾಡಿನಲ್ಲಿ ಹೀಗೆ ಆಗಬಾರದಿತ್ತು. ಊರೂರಿಗೂ ವೀರಗಲ್ಲು ನಿಲ್ಲಿಸಿದ ಜನ ನಾವು. ದನ ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು, ಹುಲಿಯ ಜೊತೆ ಸೆಣಸಿ ಸತ್ತವನಿಗೂ ಕಲ್ಲು. ರಾಜರಿಗಷ್ಟೇ ಮೀಸಲು ಅಂತ ಇರಲಿಲ್ಲ. ಬೇಗೂರಿನ ದೇವಸ್ಥಾನದಲ್ಲಿರುವ ಸುಮಾರು ಕ್ರಿ.ಶ. 890ರ ಶಾಸನ 'ಬೆಂಗಳೂರು' ಅನ್ನೋ ಹೆಸರು ಬರುವ ಬಹಳ ಹಳೆಯ ದಾಖಲೆ. ಅದು ಹೇಳೋದೂ ಬೆಂಗಳೂರಿನ ಕಾಳಗದಲ್ಲಿ ಸತ್ತ ಒಬ್ಬನ ವಿಷಯವನ್ನೇ. ಅಂಥ ನಾಡಿನಲ್ಲಿ ಈಗ ಹುತಾತ್ಮರ ಫ್ಲೆಕ್ಸ್ ಎರಡು ದಿನ ಇರುತ್ತೆ, ಮೂರನೇ ದಿನ ಅದರ ಮೇಲೆ ಬೇರೆಯವರ ಹುಟ್ಟುಹಬ್ಬದ ಫ್ಲೆಕ್ಸ್. ಕೊಡಗು, ಬೆಳಗಾವಿ, ಧಾರವಾಡ, ಗದಗ, ಎಲ್ಲ ಕಡೆಯಿಂದ ಸೈನ್ಯಕ್ಕೆ ಹೋದವರಿದ್ದಾರೆ. ಅವರ ಬಾಯಿಂದ ಕೇಳಿ ಬರೆದ ಕನ್ನಡ ಪುಸ್ತಕ ಅಂತ ಹುಡುಕಿದರೆ ನನ್ನ ಕಪಾಟಿನಲ್ಲಿ ಒಂದು ಗೇಣು ಜಾಗವೂ ತುಂಬಿಲ್ಲ. ಟಿವಿಯಲ್ಲಿ ಯುದ್ಧ ಬೇಕು ಅಂತ ಕೂಗುವಾಗ ನಮ್ಮಲ್ಲಿ ಎಲ್ಲರಿಗೂ ಗಂಟಲಿದೆ. ಹೋಗಿ ಬಂದವರ ಜಗಲಿಯಲ್ಲಿ ಕೂತು ಕೇಳೋಕೆ ಪುರುಸೊತ್ತಿಲ್ಲ. ಈ ಮಾತು ನನಗೂ ಸೇರಿಸಿ ಹೇಳ್ತಿದ್ದೀನಿ.

ಅದಕ್ಕೇ ಹೋದ ತಿಂಗಳು ಊರಿಗೆ ಹೋದಾಗ ಮಿಲಿಟ್ರಿ ಅಜ್ಜನ ಮನೆಗೆ ಹೋದೆ. ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ಫೋನಿನ ರೆಕಾರ್ಡರ್ ಹಾಕಿ ಮುಂದಿಟ್ಟು, "ಅಜ್ಜಿ, ಅಜ್ಜ ನೇಫಾದಲ್ಲಿದ್ದಾಗಿನ ವಿಷ್ಯ ಹೇಳಿ" ಅಂದೆ. "ನಂಗೇನ್ ಗೊತ್ತು ಮಗಾ, ಅವ್ರೇನೂ ಹೇಳ್ಳಿಲ್ಲ" ಅಂದರು. "ಅವರದ್ದು ಬೇಡ, ನಿಮ್ಮದು ಹೇಳಿ. ಆಗ ನೀವೇನ್ ಮಾಡ್ತಿದ್ರಿ?" ಅಂತ ಕೇಳಿದೆ. ಅಜ್ಜಿ ಎಲೆಅಡಿಕೆ ಬದಿಗಿಟ್ಟರು. ಇದನ್ನು ಅವರನ್ನು ಯಾರೂ ಕೇಳಿರಲಿಲ್ಲ.

ಮದುವೆಯಾಗಿ ವರ್ಷವೂ ಆಗಿರಲಿಲ್ಲವಂತೆ. ಆ ಚಳಿಗಾಲ ಪೂರ್ತಿ ಕಾಗದ ಬರಲಿಲ್ಲ. ಪೋಸ್ಟಿನವರು ಬರುವ ಹೊತ್ತಾದರೆ ಕೊಡ ಹಿಡಿದು ಬಾವಿಗೆ ಹೋಗಿಬಿಡುತ್ತಿದ್ದರಂತೆ, ತಂತಿ ಬಂದರೆ ತನ್ನ ಕೈಗೆ ಬರಬಾರದು ಅಂತ. ಅತ್ತೆ ಬಯ್ಯೋರು, ಮನೆಯಲ್ಲಿ ತುಂಬಿಸೋಕೆ ಪಾತ್ರೆ ಉಳಿದಿಲ್ಲ, ಮತ್ತೆ ಯಾಕೆ ನೀರಿಗೆ ಹೋಗ್ತೀಯ ಅಂತ. ಕೊನೆಗೆ ಒಂದು ದಿನ ಸಂಜೆ ಅಜ್ಜ ಕಾಗದವಿಲ್ಲದೆ ನೇರ ಬಂದೇಬಿಟ್ಟರು. ಅಜ್ಜಿ ಬಾವಿಕಟ್ಟೆಯಲ್ಲೇ ಇದ್ದರು. "ಮುಖ ನೋಡ್ಲೇ ಇಲ್ಲ ನಾನು. ಗೇಟಿಂದ ಒಳಗ್ ಬರೋ ನಡಿಗೆ ಬೇರೆ ಆಗಿತ್ತು. ಕಾಲೇ ನೋಡ್ತಾ ನಿಂತಿದ್ದೆ" ಅಂದರು.

ನಲವತ್ತು ನಿಮಿಷದ ರೆಕಾರ್ಡಿಂಗು. ಟೈಪ್ ಮಾಡಿ ಪ್ರಿಂಟ್ ತೆಗೆದು ಅಕ್ಕನ ಮಗನಿಗೆ ಕೊಟ್ಟ ನಾಲ್ಕು ಪುಸ್ತಕಗಳ ಜೊತೆಗೇ ಇಟ್ಟು ಕಳಿಸಿದ್ದೀನಿ. ಹೆಸರು ಹಾಕಬೇಡ, ಉಳಿದದ್ದು ಬರ್ಕೋ ಅಂತ ಅಜ್ಜಿಯ ಅಪ್ಪಣೆ ಆಗಿದೆ. ಬರೋ ಭಾನುವಾರ ಮತ್ತೆ ಹೋಗ್ತಿದ್ದೀನಿ. ಅದೇ ವರ್ಷ ರಕ್ಷಣಾ ನಿಧಿಗೆ ಅಂತ ಪೇಟೆಯಲ್ಲಿ ಚಿನ್ನ ಕೇಳೋಕೆ ಬಂದಾಗ ಅತ್ತೆಗೆ ಹೇಳದೆ ಒಂದು ಬಳೆ ಕೊಟ್ಟಿದ್ದರಂತೆ, ಆ ಕಥೆ ಇನ್ನೂ ಬಾಕಿ ಇದೆ.